ಗಾರ್ಡ್ ಆದವನಿಗೆ ಬಾಯಿ ಬೇಕು

ಐದಡಿ ಒಂಬತ್ತಿಂಚಿನವನಿಗೆ ಬ್ಯಾಸ್ಕೆಟ್‌ಬಾಲ್‌ನಲ್ಲಿ ಇರುವುದು ಒಂದೇ ಜಾಗ. ಗಾರ್ಡ್. ರಿಂಗ್ 3.05 ಮೀಟರ್ ಎತ್ತರದಲ್ಲಿರುತ್ತದೆ, ಅಂದರೆ ಹತ್ತಡಿ. ಅದರ ಕೆಳಗೆ ನಿಂತು ಗುದ್ದಾಡುವವರು ಆರಡಿ ಆರು, ಆರಡಿ ಎಂಟು ಇರುತ್ತಾರೆ. ಅವರಿಗೆ ಬಾಲ್ ತಲುಪಿಸುವ ಕೆಲಸ ನಮ್ಮಂಥ ಗಿಡ್ಡರದು. ಬಾಲ್ ತರಬೇಕು, ಯಾರು ಎಲ್ಲಿ ನಿಲ್ಲಬೇಕು ಅಂತ ಹೇಳಬೇಕು, ಆಟ ಶುರು ಮಾಡಬೇಕು. ಬಾಲ್ ತರುವುದು ನನಗೆ ಬೇಗ ಬಂತು. ಹೇಳುವುದು ಬರಲು ವರ್ಷಗಳೇ ಹಿಡಿದವು.

ಕೋಲಾರದಿಂದ ಹೊರಟು ಬೆಂಗಳೂರಿನ ಒಂದು ವೃತ್ತಿಪರ ತಂಡದ ಬೆಂಚು ಸೇರಿದೆ. ಬೆಂಚಿನ ತುದಿಯಿಂದ ಎದ್ದು ಕೋರ್ಟಿಗೆ ಇಳಿಯುವವರೆಗೆ ಏನೇನಾಯಿತು ಅಂತ ಬರೆಯುತ್ತಿದ್ದೇನೆ. ಊರಿನ ಹುಡುಗರು ಕೇಳುತ್ತಲೇ ಇರುತ್ತಾರೆ: ಟ್ರಯಲ್ಸ್ ಹೇಗಿರುತ್ತೆ, ದುಡ್ಡು ಕೊಡ್ತಾರಾ, ನನ್ನ ಎತ್ತರ ಸಾಕಾ?

ಎತ್ತರದ ಪ್ರಶ್ನೆ ಮೊದಲು ಮುಗಿಸಿಬಿಡುತ್ತೇನೆ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಮಗ್ಸಿ ಬೋಗ್ಸ್ ಅಂತ ಒಬ್ಬ ಗಾರ್ಡ್ ಇದ್ದರು. ಎತ್ತರ ಐದಡಿ ಮೂರಿಂಚು. 1987ರಿಂದ 14 ಸೀಸನ್ ಆಡಿದರು. ಹಾಗಂತ ಎತ್ತರ ಬೇಡವೇ ಬೇಡ ಅಂತಲ್ಲ. ನಮ್ಮ ದೇಶದ ಹೆಸರಾಂತ ಗಾರ್ಡ್ ವಿಶೇಷ್ ಭೃಗುವಂಶಿ ಆರಡಿ ಮೀರಿದವರು. ವಾರಾಣಸಿಯವರು, ಭಾರತ ತಂಡದ ನಾಯಕರಾದರು. 2017ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ ತಂಡ ಅವರ ಜೊತೆ ಒಪ್ಪಂದ ಮಾಡಿಕೊಂಡಿತು. 2020ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಎತ್ತರದ ಗಾರ್ಡ್‌ಗೆ ಎದುರಾಳಿಯ ತಲೆ ಮೇಲಿಂದ ಪಾಸ್ ಕಾಣುತ್ತದೆ. ಗಿಡ್ಡ ಗಾರ್ಡ್ ಕಂಕುಳ ಸಂದಿಯಲ್ಲಿ ನೋಡಬೇಕು. ಆಡಿ ನೋಡಿದ ಮೇಲೆ ನನಗೆ ಅನ್ನಿಸಿದ ವ್ಯತ್ಯಾಸ ಇಷ್ಟೇ.

ನಾನು ಕಲಿತಿದ್ದು ಶಾಲೆಯ ಸಿಮೆಂಟ್ ಕೋರ್ಟಿನಲ್ಲಿ. ರಿಂಗಿಗೆ ಬಲೆ ಇರಲಿಲ್ಲ. ಬಾಲ್ ಒಳಗೆ ಹೋಯಿತೋ ಪಕ್ಕದಲ್ಲಿ ಹೋಯಿತೋ ಅಂತ ದಿನಾ ಜಗಳ. ಕಲಿಸಿದವರು ಕೆಜಿಎಫ್‌ನ ಒಬ್ಬ ಅಂಕಲ್. ಗಣಿಯಲ್ಲಿ ಕೆಲಸ ಮಾಡಿದವರು. ಗಣಿ 2001ರಲ್ಲಿ ಮುಚ್ಚಿತು, ಅವರ ಆಟದ ಹುಚ್ಚು ಮಾತ್ರ ಹಾಗೇ ಇತ್ತು. ವಾರಗಟ್ಟಲೆ ಎಡಗೈಯಲ್ಲೇ ಡ್ರಿಬಲ್, ಅಂದರೆ ಬಾಲನ್ನು ನೆಲಕ್ಕೆ ಪುಟಿಸುವುದು, ಮಾಡಿಸುತ್ತಿದ್ದರು. ಎದುರು ನಿಂತು ಬೆರಳು ತೋರಿಸುತ್ತಿದ್ದರು. ಬಾಲ್ ನೋಡದೆ ಎಷ್ಟು ಬೆರಳು ಅಂತ ಕೂಗಿ ಹೇಳಬೇಕು. ನಾನು ಸರಿಯಾಗಿಯೇ ಹೇಳುತ್ತಿದ್ದೆ, ಆದರೆ ಅವರಿಗೆ ಕೇಳಿಸುತ್ತಿರಲಿಲ್ಲ. 'ಯಾರಿಗಪ್ಪಾ ಹೇಳ್ತಿದ್ದೀಯ, ಬಾಲ್‌ಗಾ?' ಅನ್ನುತ್ತಿದ್ದರು.

ಶಾಲಾ ಆಟಗಳ ದಾರಿ ಎಲ್ಲರಿಗೂ ಗೊತ್ತಿದ್ದದ್ದೇ. ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ. ಕೋಲಾರ ಬೆಂಗಳೂರು ವಿಭಾಗಕ್ಕೆ ಸೇರುತ್ತದೆ. ಜಿಲ್ಲೆ ಗೆದ್ದು ಖುಷಿಯಾಗಿ ಹೋದರೆ ಎದುರಿಗೆ ಬೆಂಗಳೂರಿನ ಶಾಲೆಗಳು. ಅವರ ಹತ್ತಿರ ಮರದ ನೆಲದ ಕೋರ್ಟು, ಒಳ್ಳೇ ಶೂ, ಇಬ್ಬಿಬ್ಬರು ಕೋಚ್. ನಾವು ಚೆನ್ನಾಗಿ ಹೊಡೆಸಿಕೊಂಡು ಬಂದೆವು. ಅಲ್ಲೇ ಒಂದು ಕ್ಲಬ್ಬಿನ ಕೋಚ್ ನನ್ನನ್ನು ನೋಡಿದರು. ಸಂಜೆ ಪ್ರಾಕ್ಟೀಸಿಗೆ ಬಾ ಅಂದರು.

ಕೋಲಾರದಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ಹೊಸಕೋಟೆವರೆಗೆ ಬಸ್ಸು ಓಡುತ್ತದೆ. ಅಲ್ಲಿಂದ ಮುಂದೆ ತೆವಳುತ್ತದೆ. ಟಿನ್ ಫ್ಯಾಕ್ಟರಿ ದಾಟುವಷ್ಟರಲ್ಲಿ ವಾರ್ಮ್ ಅಪ್ ಮುಗಿದಿರುತ್ತಿತ್ತು. 2023ರ ಅಕ್ಟೋಬರ್‌ನಲ್ಲಿ ಕೆ.ಆರ್. ಪುರದಿಂದ ಬೈಯಪ್ಪನಹಳ್ಳಿಗೆ ಮೆಟ್ರೊ ಕೂಡಿಕೊಂಡ ಮೇಲೆ ನನ್ನ ಜೀವನವೇ ಬದಲಾಯಿತು ಅನ್ನಬಹುದು. ಬಸ್ಸಿಳಿದು ಮೆಟ್ರೊ ಹತ್ತಿದರೆ ನೇರ ಕಬ್ಬನ್ ಪಾರ್ಕ್. ಕಂಠೀರವ ಒಳಾಂಗಣ ಕ್ರೀಡಾಂಗಣಕ್ಕೆ ಅಲ್ಲಿಂದ ನಡೆದೇ ಹೋಗಬಹುದು. ರಾಜ್ಯ ಜೂನಿಯರ್ ತಂಡಕ್ಕೆ ಆಡಿದೆ, ಡಿಗ್ರಿಗೆ ಸೇರಿದೆ, ಯೂನಿವರ್ಸಿಟಿಗೂ ಆಡಿದೆ. ಅದನ್ನೆಲ್ಲ ಬಿಡಿಸಿ ಹೇಳುವಂಥದ್ದು ಏನಿಲ್ಲ. ಎಲ್ಲ ಕಡೆಯೂ ಮಾತಾಡದೆ ಆಡುವ ಹುಡುಗ ಅಂತಲೇ ಹೆಸರು.

ಇನ್ನು ವೃತ್ತಿಪರ ತಂಡದ ವಿಷಯ. ನಮ್ಮ ದೇಶದಲ್ಲಿ ಇಂಥ ಲೀಗ್ ಹೊಸದು. 2015ರಲ್ಲಿ ಯುಬಿಎ ಅಂತ ಒಂದು ಬಂತು, ಕೆಲವು ಸೀಸನ್ ನಡೆದು ನಿಂತಿತು. 2022ರಲ್ಲಿ ಐಎನ್‌ಬಿಎಲ್ ಅನ್ನೋ ಲೀಗ್ ಆರು ನಗರಗಳ ತಂಡ ಕಟ್ಟಿ ಐದು ಜನರ ಆಟ ಶುರು ಮಾಡಿತು. ಅದರಲ್ಲಿ ಬೆಂಗಳೂರಿನ ತಂಡವೂ ಇತ್ತು. ಅದಕ್ಕೆ ಮುಂಚೆ ಆಟದಿಂದ ಹೊಟ್ಟೆ ತುಂಬಬೇಕು ಅಂದರೆ ರೈಲ್ವೆ, ಸೇನೆ, ಪೊಲೀಸ್, ಬ್ಯಾಂಕ್ ಇಷ್ಟೇ. ಈಗಲೂ ಬಹುಪಾಲು ಅಷ್ಟೇ ಅನ್ನಿ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಹೋದದ್ದು ಓಪನ್ ಟ್ರಯಲ್ಸಿಗೆ. ಎದೆಗೆ ನಂಬರ್ ಅಂಟಿಸಿದರು. ಎತ್ತರ, ತೂಕ, ಕೈ ಚಾಚಿದ ಅಳತೆ, ನಿಂತಲ್ಲಿಂದ ಹಾರುವ ಅಳತೆ ಎಲ್ಲ ಬರೆದುಕೊಂಡರು. ಶಟಲ್ ಓಟ ಓಡಿಸಿದರು. ಆಮೇಲೆ ಐದೈದು ಜನರ ಗುಂಪು ಮಾಡಿ ಆಡಲು ಬಿಟ್ಟರು. ನೋಡಬೇಕಿತ್ತು ಆ ಆಟವನ್ನು! ಬಾಲ್ ಸಿಕ್ಕವನು ಯಾರಿಗೂ ಕೊಡುವುದಿಲ್ಲ. ಎಲ್ಲರಿಗೂ ತಾನೇ ಕಾಣಬೇಕು. ಮೂರು ಪಾಯಿಂಟ್ ಗೆರೆ ರಿಂಗಿನಿಂದ 6.75 ಮೀಟರ್ ದೂರ ಇರುತ್ತದೆ. ಕೆಲವರು ಅದಕ್ಕೂ ಒಂದು ಮೀಟರ್ ಹಿಂದಿನಿಂದಲೇ ಹೊಡೆಯುತ್ತಿದ್ದರು. ಎನ್‌ಬಿಎಯಲ್ಲಿ ದೂರದಿಂದ ಹೊಡೆಯುವ ಸ್ಟೆಫ್ ಕರಿಯನ್ನು ನೋಡಿ ಬೆಳೆದ ಹುಡುಗರು, ಏನು ಮಾಡೋದು.

ನನಗೆ ಬಾಲ್ ಸಿಗಲಿಲ್ಲ. ಹಾಗಾಗಿ ಸಿಕ್ಕ ಕೆಲಸ ಮಾಡಿದೆ. ಎದುರಿನ ಗಾರ್ಡ್ ಬಾಲ್ ಹಿಡಿದ ಕಡೆಯಿಂದಲೇ ಅವನಿಗೆ ಅಂಟಿಕೊಂಡೆ. ಎದುರಾಳಿ ಎಂಟು ಸೆಕೆಂಡಿನೊಳಗೆ ಅರ್ಧ ಕೋರ್ಟ್ ದಾಟಬೇಕು, ಇಲ್ಲದಿದ್ದರೆ ಬಾಲ್ ನಮ್ಮದು. ಅವನನ್ನು ಬದಿಗೆ ತಳ್ಳುತ್ತಾ, ತಿರುಗಿಸುತ್ತಾ, ಆ ಎಂಟು ಸೆಕೆಂಡನ್ನು ತಿಂದುಹಾಕಿದೆ. ಕೊನೆಗೆ ಆಯ್ಕೆ ಪಟ್ಟಿ ಓದಿದಾಗ ನನ್ನ ನಂಬರ್ ಇತ್ತು. ಕೋಚ್ ಕರೆದು ಹೇಳಿದ್ದು ಇಷ್ಟೇ: 'ಕಾಲಿದೆ. ಬಾಯಿಲ್ಲ. ಬಾಯಿ ಬಂದರೆ ಆಡಿಸ್ತೀನಿ.'

ಒಪ್ಪಂದದ ಕಾಗದ ಇಂಗ್ಲಿಷಿನಲ್ಲಿತ್ತು. ಕೋಲಾರದ ಕೋರ್ಟಿನಲ್ಲಿ ವಕೀಲರಾಗಿರುವ ಪರಿಚಯದವರ ಹತ್ತಿರ ತೋರಿಸಿದೆ. ಹುಡುಗರೇ, ಇದನ್ನು ಮಾತ್ರ ಮಾಡದೇ ಇರಬೇಡಿ. ಸಂಬಳ ಎಷ್ಟು ಅಂತ ಎಲ್ಲರೂ ನೋಡುತ್ತಾರೆ. ಎಷ್ಟು ಕಂತಿನಲ್ಲಿ, ಯಾವಾಗ ಅಂತ ನೋಡಬೇಕು. ಗಾಯವಾದರೆ ಆಸ್ಪತ್ರೆ ಖರ್ಚು ಯಾರದು, ಆಟ ನಿಂತರೆ ಉಳಿದ ದುಡ್ಡು ಬರುತ್ತದೋ ಇಲ್ಲವೋ, ಒಪ್ಪಂದದ ಅವಧಿಯಲ್ಲಿ ಬೇರೆ ಟೂರ್ನಿ ಆಡಬಹುದಾ, ನನ್ನ ಫೋಟೊ ಎಲ್ಲೆಲ್ಲಿ ಹಾಕಿಕೊಳ್ಳುತ್ತಾರೆ. ವಕೀಲರು ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಇವಿಷ್ಟನ್ನು ಕೇಳಿಕೊಂಡು ಬಾ ಅಂದರು. ತಂಡದವರು ಬೇಸರ ಮಾಡಿಕೊಳ್ಳದೆ ಉತ್ತರ ಕೊಟ್ಟರು. ಗಾಯದ ವಿಷಯದಲ್ಲಿ ಒಂದು ಸಾಲು ಸೇರಿಸಿಯೂ ಕೊಟ್ಟರು. ಮೊದಲ ಕಂತು ಬಂದಾಗ ಅಮ್ಮ ಅದನ್ನು ಚೀಟಿಗೆ ಕಟ್ಟಿದರು. ನನಗೆ ಸಿಕ್ಕಿದ್ದು ಒಂದು ಜೊತೆ ಶೂ.

ಕ್ಯಾಂಪ್ ಶುರುವಾಯಿತು. ದಿನಕ್ಕೆ ಎರಡು ಹೊತ್ತು ಪ್ರಾಕ್ಟೀಸ್. ಪಂದ್ಯಕ್ಕೆ ಹನ್ನೆರಡು ಜನರ ಹೆಸರು ಕೊಡಬಹುದು, ನಾವು ಅದಕ್ಕಿಂತ ಜಾಸ್ತಿ ಇದ್ದೆವು. ನನ್ನ ರೂಮಿನಲ್ಲಿ ಮಂಡ್ಯದ ಸೆಂಟರ್, ಅಂದರೆ ರಿಂಗಿನ ಕೆಳಗೆ ಆಡುವ ಎತ್ತರದ ಆಟಗಾರ, ಒಬ್ಬರಿದ್ದರು. ಆರಡಿ ಏಳು, ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ದೊಡ್ಡವರು. ಮಂಚದಿಂದ ಅವರ ಕಾಲು ಆಚೆ ಬರುತ್ತಿತ್ತು, ನಾನು ಓಡಾಡುವಾಗ ದಾಟಿಕೊಂಡು ಹೋಗಬೇಕು. ಉಳಿದವರಲ್ಲಿ ಒಬ್ಬರು ವಿಜಯವಾಡದವರು, ಇಬ್ಬರು ತಮಿಳುನಾಡು, ಒಬ್ಬ ಕೇರಳ, ಒಬ್ಬ ಲೂಧಿಯಾನ. ಹೆಚ್ಚಿನವರು ನನಗಿಂತ ಸೀನಿಯರ್.

ಈ ಮಟ್ಟದ ಆಟದಲ್ಲಿ ಮಾತು ಯಾಕೆ ಬೇಕು ಅಂತ ಮೊದಲು ಅರ್ಥವಾಗಿದ್ದು ಡಿಫೆನ್ಸ್‌ನಲ್ಲಿ. ನಾನು ಎದುರಿನ ಗಾರ್ಡ್‌ಗೆ ಅಂಟಿಕೊಂಡು ಹಿಂದಕ್ಕೆ ಸರಿಯುತ್ತಿರುತ್ತೇನೆ. ಬೆನ್ನ ಹಿಂದೆ ಅವರ ಸೆಂಟರ್ ಬಂದು ನನ್ನ ದಾರಿಗೆ ಅಡ್ಡ ನಿಂತಿರುತ್ತಾನೆ, ಇದಕ್ಕೆ ಸ್ಕ್ರೀನ್ ಅಂತೀವಿ. ನೂರು ಕೆಜಿ ಮೇಲಿನ ದೇಹ. ನನ್ನ ಹಿಂದೆ ಇರುವ ನಮ್ಮವರು 'ಎಡಕ್ಕೆ ಸ್ಕ್ರೀನ್' ಅಂತ ಕೂಗಿದರೆ ನಾನು ಹೆಗಲು ವಾರೆ ಮಾಡಿ ನುಗ್ಗುತ್ತೇನೆ. ಕೂಗದಿದ್ದರೆ ಪಕ್ಕೆಲುಬು ಅವನಿಗೆ ಹೋಗಿ ಬಡಿಯುತ್ತದೆ. ಮೊದಲ ವಾರ ನಮ್ಮ ಪಂಜಾಬಿ ಫಾರ್ವರ್ಡ್ ಒಬ್ಬ ಕೂಗುವುದನ್ನು ಮರೆತ. ರಾತ್ರಿ ಮಗ್ಗುಲು ಬದಲಿಸಲಾಗಲಿಲ್ಲ. ಐಸ್ ಚೀಲ ಇಟ್ಟುಕೊಂಡು ಮಲಗಿದ್ದಾಗ ಮಂಡ್ಯದ ಅಣ್ಣ ಕೇಳಿದರು: 'ಅವ್ನು ಬಾಯಿ ಬಿಡ್ನಿಲ್ಲ ಅಂತ ನಿಂಗೆ ಕೋಪ. ನೀನ್ ಬಾಯಿ ಬಿಡ್ನಿಲ್ಲ ಅಂದ್ರೆ ನಮ್ ಗತಿ?'

ಅವರು ಹೇಳುತ್ತಿದ್ದದ್ದು ಅಟ್ಯಾಕ್ ಬಗ್ಗೆ. ಅಲ್ಲಿ ಮಾತಾಡಬೇಕಾದವನು ಗಾರ್ಡ್. ಒಂದು ಸಲ ಬಾಲ್ ಬಂದರೆ 24 ಸೆಕೆಂಡಿನೊಳಗೆ ರಿಂಗಿಗೆ ಹೊಡೆಯಬೇಕು. ಅರ್ಧ ಕೋರ್ಟ್ ದಾಟುವಷ್ಟರಲ್ಲಿ ಐದಾರು ಸೆಕೆಂಡು ಹೋಯಿತು. ಪ್ಲೇ, ಅಂದರೆ ಮೊದಲೇ ಅಭ್ಯಾಸ ಮಾಡಿಟ್ಟ ಆಟದ ಯೋಜನೆ, ಯಾವುದು ಅಂತ ಹೇಳಿ, ನಾಲ್ಕು ಜನ ಜಾಗಕ್ಕೆ ಬಂದು, ಸೆಂಟರ್ ಸ್ಕ್ರೀನ್ ಇಡಲು ಇನ್ನೂ ಐದಾರು. ಉಳಿಯುವುದು ಹತ್ತು ಹನ್ನೆರಡು ಸೆಕೆಂಡು. ಆ ಸಮಯದಲ್ಲಿ ಎದುರಿನ ಸೆಂಟರ್ ಏನು ಮಾಡುತ್ತಾನೆ ಅಂತ ಓದಬೇಕು. ಅವನು ರಿಂಗಿನ ಕಡೆ ಹಿಂದೆ ಸರಿದರೆ ನಾನು ಮಧ್ಯದಲ್ಲೇ ನಿಂತು ಶಾಟ್ ಹೊಡೆಯಬಹುದು. ಮುಂದೆ ನುಗ್ಗಿ ನನ್ನ ದಾರಿ ಕಟ್ಟಿದರೆ, ಎರಡು ಡ್ರಿಬಲ್ ಹಿಂದೆ ಬಂದು, ರಿಂಗಿನ ಕಡೆ ಓಡುವ ನಮ್ಮ ಸೆಂಟರ್‌ಗೆ ಪಾಸ್. ಇಬ್ಬರೂ ಆಳು ಬದಲಿಸಿಕೊಂಡರೆ, ದೊಡ್ಡವನನ್ನು ಹೊರಗೆಳೆದು ಪಕ್ಕದಿಂದ ನುಗ್ಗಬೇಕು. ಇದೆಲ್ಲ ನನಗೆ ಗೊತ್ತಿತ್ತು. ಶುರು ಮಾಡಿಸುವುದೇ ತೊಂದರೆ.

ನಾವು ಬೆಳೆದಿರುವ ರೀತಿಯೇ ಹಾಗೆ, ಅಲ್ವಾ? ದೊಡ್ಡವರಿಗೆ ಕೆಲಸ ಹೇಳಬಾರದು. ಹೇಳಲೇಬೇಕಾದರೆ ಬಹುವಚನ ಹಾಕಿ, ತಲೆ ಕೆರೆದುಕೊಂಡು, ಹತ್ತಿರ ಹೋಗಿ ಹೇಳಬೇಕು. ಒಂದು ದಿನ ಅಭ್ಯಾಸ ಪಂದ್ಯದಲ್ಲಿ ಮಂಡ್ಯದ ಅಣ್ಣ ಎಡಗಡೆ ನಿಂತಿದ್ದರು. ನನಗೆ ಬಲಗಡೆ ಸ್ಕ್ರೀನ್ ಬೇಕಿತ್ತು. 'ಅಣ್ಣಾ, ಒಂಚೂರು ಈ ಕಡೆ ಬರ್ತೀರಾ' ಅಂದೆ. ಅವರು ಅಲ್ಲೇ ನಿಂತು ಸೊಂಟದ ಮೇಲೆ ಕೈ ಇಟ್ಟುಕೊಂಡರು. 'ಏನ್ಲಾ ಇದು, ಮದ್ವೆಗ್ ಕರೀತಿದ್ದೀಯಾ ನನ್ನ?' ಎಲ್ಲರೂ ನಕ್ಕರು. ಅಷ್ಟರಲ್ಲಿ 24 ಸೆಕೆಂಡಿನ ಸದ್ದು ಮೊಳಗಿತು. ಆ ರಾತ್ರಿ ರೂಮಿನಲ್ಲಿ ಅವರು ಹೇಳಿದರು: 'ಗೆರೆ ಒಳಗೆ ನಾನು ಅಣ್ಣ ಅಲ್ಲ ಕಣ್ಲಾ. ಹೆಸರು ಕೂಗು. ಬೈಬೇಕು ಅನ್ಸಿದ್ರೆ ಬೈಯ್ಯಿ. ಆಚೆಗ್ ಬಂದ್ಮೇಲೆ ಬೇಕಾದ್ರೆ ಕಾಲಿಗ್ ಬೀಳು.'

ಹೇಳುವುದು ಸುಲಭ. ನಾಲಿಗೆ ತಿರುಗಬೇಕಲ್ಲ.

ರಜೆ ಸಿಕ್ಕಾಗ ಊರಿಗೆ ಬಂದೆ. ನಮ್ಮಪ್ಪ ಕೋಲಾರ ಎಪಿಎಂಸಿಯಲ್ಲಿ ಒಂದು ಟೊಮ್ಯಾಟೊ ಮಂಡಿಯಲ್ಲಿ ಹರಾಜು ಕೂಗುತ್ತಾರೆ. ಅದೇ ಅವರ ಕೆಲಸ. ಚಿಕ್ಕವನಿದ್ದಾಗಿನಿಂದ ನೋಡಿದ್ದೇ. ಆದರೆ ಕೂಗುವುದನ್ನು ಕಲಿಯಬೇಕು ಅಂತ ಕಿವಿಗೊಟ್ಟಿರಲಿಲ್ಲ. ಸೀಸನ್ ಜೋರಿದ್ದಾಗ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹದಿನೈದು ಕೆಜಿ ಬಾಕ್ಸುಗಳ ಗೋಡೆ. 2023ರ ಜುಲೈನಲ್ಲಿ ಒಂದು ಬಾಕ್ಸು ಎರಡು ಸಾವಿರ ದಾಟಿತಲ್ಲ, ಆಗ ಮಂಡಿಯಲ್ಲಿ ನಡೆದಾಡುವ ಜನರ ಮುಖವೇ ಬೇರೆ ಇತ್ತು. ಅಪ್ಪ ರಾಶಿಯಿಂದ ರಾಶಿಗೆ ಹೋಗುತ್ತಾ ಕೂಗುತ್ತಾರೆ, ಹಿಂದೆ ವ್ಯಾಪಾರಿಗಳ ಹಿಂಡು. ಕನ್ನಡ, ತೆಲುಗು, ತಮಿಳು, ಬಿದ್ದರೆ ಹಿಂದಿ. ಕೊಳ್ಳುವವರಲ್ಲಿ ಸಾಹುಕಾರರು, ಹಿರಿಯರು ಎಲ್ಲ ಇರುತ್ತಾರೆ. ಎಲ್ಲರಿಗೂ ಒಂದೇ ಕೂಗು.

ಅವತ್ತು ಪಕ್ಕದಲ್ಲಿ ನಿಂತು ಗಮನಿಸಿದೆ. ಅಪ್ಪ ಮೊದಲು ಆಳಿನ ಹೆಸರು ಕೂಗುತ್ತಾರೆ, ಆಮೇಲೆ ರೇಟು. ಹೆಸರು ಕೇಳಿದ ತಕ್ಷಣ ತಲೆ ತಿರುಗುತ್ತದೆ. ಆಗ ರೇಟು ಕಿವಿಗೆ ಬೀಳುತ್ತದೆ. ಇನ್ನೊಂದು, ಅವರು ಸುಮ್ನೆ ಜೋರಾಗಿ ಕೂಗುವುದಿಲ್ಲ. ಪಕ್ಕದ ಮಂಡಿಯವನು ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಇವರ ಕೂಗು ಬೀಳುತ್ತದೆ. ಕೇಳಿದ್ದಕ್ಕೆ ಅಪ್ಪ ಹೇಳಿದ್ದು: 'ಗಂಟಲು ಹರಿಯೋ ಹಂಗೆ ಅರಚಿದ್ರೆ ಹತ್ತು ಗಂಟೆಗೆ ಧ್ವನಿ ಇರಲ್ಲ ಮಗ. ಸಂದು ನೋಡಿ ಕೂಗು. ಮೂರು ಮಾತಿಗಿಂತ ಜಾಸ್ತಿ ಬೇಡ.' ಹಿರಿಯರನ್ನು ಹೆಸರು ಹಿಡಿದು ಕರೆಯೋಕೆ ಮುಜುಗರ ಆಗಲ್ವಾ ಅಂದೆ. 'ಅವರ ಮಾಲು ನಿಂತಿರುತ್ತೆ, ನಂಗೇನ್ ಮುಜುಗರ?' ಅಂದು ಮುಂದಿನ ರಾಶಿಗೆ ಹೋದರು. ಅಪ್ಪನಿಗೆ ಬ್ಯಾಸ್ಕೆಟ್‌ಬಾಲ್ ಅಂದರೆ ಏನೇನೂ ಗೊತ್ತಿಲ್ಲ, ಈಗಲೂ ವಾಲಿಬಾಲ್ ಅಂತಲೇ ಎಲ್ಲರ ಹತ್ತಿರ ಹೇಳುತ್ತಾರೆ.

ಕ್ಯಾಂಪಿಗೆ ವಾಪಸ್ ಹೋಗಿ ಅದನ್ನೇ ಮಾಡಿದೆ. ಹೆಸರು, ದಿಕ್ಕು, ಪ್ಲೇ. ಮೂರೇ ಮಾತು, ಅದೂ ಅರ್ಧ ಕೋರ್ಟ್ ದಾಟುವ ಮೊದಲೇ. ಪ್ರೇಕ್ಷಕರ ಗಲಾಟೆ ಇದ್ದಾಗ ರೆಫರಿ ಸೀಟಿ ಊದಿ ಬಾಲ್ ಕೊಡುವ ನಡುವಿನ ಸಂದಿನಲ್ಲಿ. ಮೊದಲೆರಡು ದಿನ ಹೆಸರಿನ ಜೊತೆ 'ಅಣ್ಣಾ' ಬಾಯಿಗೆ ಬಂದುಬಿಡುತ್ತಿತ್ತು. ಆಮೇಲೆ ಉದುರಿಹೋಯಿತು. ಕೋಲಾರದವನಾಗಿ ಹುಟ್ಟಿದ್ದರ ಲಾಭ ಆಗ ಗೊತ್ತಾಯಿತು. ವಿಜಯವಾಡದವರಿಗೆ ತೆಲುಗಿನಲ್ಲಿ, ತಮಿಳರಿಗೆ ತಮಿಳಿನಲ್ಲಿ ಕೂಗುತ್ತಿದ್ದೆ. ಎದುರಿನವರಿಗೆ ಅರ್ಥವಾಗುತ್ತಿರಲಿಲ್ಲ. ನಮ್ಮ ಊರಿನಲ್ಲಿ ಇದೊಂದು ವಿದ್ಯೆ ಅಂತ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

ಲೀಗ್ ಶುರುವಾದಾಗ ನಾನು ಬೆಂಚಿನ ಕೊನೆಯವನು. ನಮ್ಮ ಮೊದಲ ಗಾರ್ಡ್ ಚೆನ್ನೈನವರು, ಅನುಭವಿ. ಬೆಂಚಿನಲ್ಲಿ ಕೂತವನು ಸುಮ್ನೆ ನೀರು ಕೊಡುತ್ತಾ ಕೂರಬಾರದು ಅಂತ ಅವರೇ ಹೇಳಿಕೊಟ್ಟರು. ಎದುರಿನ ತಂಡದ ಫೌಲ್ ಎಣಿಸು, ಯಾರ ಫೌಲ್ ಎಷ್ಟಾಯಿತು ನೆನಪಿಟ್ಟುಕೋ ಅಂದರು. ಒಂದು ಕ್ವಾರ್ಟರಿನಲ್ಲಿ ತಂಡಕ್ಕೆ ನಾಲ್ಕು ಫೌಲ್ ಆದ ಮೇಲೆ ಮುಂದಿನದಕ್ಕೆಲ್ಲ ಫ್ರೀ ಥ್ರೋ, ಅಂದರೆ ಯಾರೂ ತಡೆಯದೆ ರಿಂಗಿಗೆ ಹೊಡೆಯುವ ಅವಕಾಶ, ಬರುತ್ತದೆ. ಆಗ ಗಾರ್ಡ್ ಹೊರಗಿನಿಂದ ಹೊಡೆಯುತ್ತಾ ಕೂತರೆ ದಡ್ಡತನ. ಬಾಲ್ ಹಿಡಿದು ಒಳಗೆ ನುಗ್ಗಬೇಕು. ಕ್ವಾರ್ಟರ್ ಮುಗಿಯಲು ಮೂವತ್ತೈದು ನಲವತ್ತು ಸೆಕೆಂಡು ಇದ್ದಾಗ ಬೇಗ ಒಂದು ಶಾಟ್ ಹೊಡೆದರೆ, ಎದುರಿನವರು 24 ಸೆಕೆಂಡು ತಿಂದರೂ ಕೊನೆಯ ಬಾಲ್ ನಮಗೇ ಸಿಗುತ್ತದೆ. ಇಂಥವೆಲ್ಲ ಕೂತು ಕಲಿತದ್ದು.

ನನಗೆ ಬಾಗಿಲು ತೆರೆದದ್ದು ಚೆನ್ನೈನ ಅಣ್ಣನ ಫೌಲ್‌ಗಳಿಂದ. ಒಂದು ಪಂದ್ಯದಲ್ಲಿ ಮೂರನೇ ಕ್ವಾರ್ಟರಿನೊಳಗೆ ಅವರಿಗೆ ನಾಲ್ಕು ಫೌಲ್ ಆಯಿತು. ಐದಾದರೆ ಆಚೆ. ಕೋಚ್ ನನ್ನ ಕಡೆ ನೋಡಿ ತಲೆ ಆಡಿಸಿದರು. ಒಳಗೆ ಹೋದ ತಕ್ಷಣ ಎದುರಿನವರು ಹೊಸಬ ಅಂತ ನೋಡಿ ಇಬ್ಬಿಬ್ಬರು ಬಂದು ಮುತ್ತಿದರು. ಇದನ್ನು ಟ್ರ್ಯಾಪ್ ಅಂತೀವಿ. ಗೆರೆಯ ಹತ್ತಿರ ಮೂಲೆಗೆ ತಳ್ಳಿ ನಾಲ್ಕು ಕೈ ಎತ್ತಿ ನಿಲ್ಲುತ್ತಾರೆ. ಟಿವಿಯಲ್ಲಿ ಎನ್‌ಬಿಎ ನೋಡಿದವರಿಗೆ ಗೊತ್ತು, ಅಲ್ಲಿ ಸಿಕ್ಕಿಹಾಕಿಕೊಂಡ ಆಟಗಾರ ತಾನೇ ಟೈಮ್ ಔಟ್ ಕೇಳಿ ತಪ್ಪಿಸಿಕೊಳ್ಳಬಹುದು. ನಮ್ಮದು ಫಿಬಾ, ಅಂದರೆ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯ ನಿಯಮ. ಆಟಗಾರನಿಗೆ ಆ ಅಧಿಕಾರ ಇಲ್ಲ. ಕೋಚ್ ಕೇಳಬೇಕು, ಅದೂ ಆಟ ನಿಂತಾಗ. ಬಾಲ್ ಹಿಡಿದು ನಿಂತರೆ ಐದು ಸೆಕೆಂಡಿಗೆ ಅದೂ ಹೋಗುತ್ತದೆ.

ಮಂಡ್ಯದ ಅಣ್ಣನ ಹೆಸರು ಕೂಗಿದೆ. ಬರೀ ಹೆಸರು. 'ಮಧ್ಯಕ್ಕೆ!' ಅಂದೆ. ಅವರು ಆ ದೇಹ ಇಟ್ಟುಕೊಂಡು ಓಡಿ ಬಂದರು. ಇಬ್ಬರ ತೋಳಿನ ನಡುವಿನಿಂದ ನೆಲಕ್ಕೆ ಬಡಿದು ಪಾಸ್ ಕೊಟ್ಟೆ. ಅಲ್ಲಿಂದ ವಿಜಯವಾಡದವರಿಗೆ ಹೋಯಿತು, ಅವರು ಮೂಲೆಯಿಂದ ಮೂರು ಪಾಯಿಂಟ್ ಹಾಕಿದರು. ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಏನೂ ಬರಲಿಲ್ಲ. ಅಸಿಸ್ಟ್ ಕೂಡ ಸಿಗಲಿಲ್ಲ, ಕೊನೆಯ ಪಾಸ್ ನನ್ನದಲ್ಲವಲ್ಲ. ಮುಂದಿನ ಸಲವೂ ಟ್ರ್ಯಾಪ್ ಬಂತು, ಅದೇ ದಾರಿಯಲ್ಲಿ ಆಚೆ ಬಂದೆವು. ಆಮೇಲೆ ಅವರು ಟ್ರ್ಯಾಪ್ ಬಿಟ್ಟರು. ಪಂದ್ಯ ನಾವು ಸೋತೆವು, ಅದು ಬೇರೆ ಮಾತು.

ಮಾರನೇ ದಿನ ವಿಡಿಯೊ ನೋಡುವ ಹೊತ್ತು. ವಿಡಿಯೊಗೆ ಧ್ವನಿ ಇರಲಿಲ್ಲ. ಕೋಚ್ ಆ ಜಾಗಕ್ಕೆ ಬಂದು ನಿಲ್ಲಿಸಿದರು. ಪರದೆಯ ಮೇಲೆ ನಾನು ಮೂಲೆಯಲ್ಲಿ ಸಿಕ್ಕಿಕೊಂಡಿದ್ದೆ. ನಮ್ಮ ನಾಲ್ಕೂ ಜನರ ತಲೆ ನನ್ನ ಕಡೆ ತಿರುಗಿತ್ತು. ಕೋಚ್ ಬೆರಳಿನಿಂದ ಆ ತಲೆಗಳನ್ನು ಒಂದೊಂದಾಗಿ ತೋರಿಸಿದರು. ಏನೂ ಹೇಳಲಿಲ್ಲ, ಮುಂದಕ್ಕೆ ಓಡಿಸಿದರು. ಅದರ ನಂತರದ ಪಂದ್ಯಗಳಲ್ಲಿ ನನಗೆ ಎರಡನೇ ಕ್ವಾರ್ಟರಿನ ಶುರುವಿನಲ್ಲೇ ಕರೆ ಬರತೊಡಗಿತು.

ಈಗ ದುಡ್ಡಿನ ವಿಷಯ. ಲೀಗ್ ನಡೆಯುವುದು ಕೆಲವೇ ವಾರ. ವರ್ಷದ ಉಳಿದ ತಿಂಗಳು? ತಮಿಳುನಾಡಿನಲ್ಲಿ ಈ ಆಟಕ್ಕೆ ಜನ ಸೇರುತ್ತಾರೆ. ಕೊಯಮತ್ತೂರು, ಕರೂರು, ಪೆರಿಯಕುಳಂ ಕಡೆ ದೊಡ್ಡ ಟೂರ್ನಿಗಳಿವೆ, ಚೆನ್ನೈನ ರೈಲು ಬೋಗಿ ಕಾರ್ಖಾನೆ ಐಸಿಎಫ್, ಇಂಡಿಯನ್ ಓವರ್‌ಸೀಸ್ ಬ್ಯಾಂಕಿನಂಥ ತಂಡಗಳು ಬರುತ್ತವೆ. ನಮ್ಮ ಕಡೆಯೂ ಹೊನಲು ಬೆಳಕಿನ ಟೂರ್ನಿಗಳು ನಡೆಯುತ್ತವೆ. ಕ್ಲಬ್ಬಿನವರು ಗೆಸ್ಟ್ ಪ್ಲೇಯರ್ ಅಂತ ಕರೆಯುತ್ತಾರೆ. ಬಸ್ ಚಾರ್ಜು, ಊಟ, ಕೊನೆಗೆ ಕವರಿನಲ್ಲಿ ಒಂದಿಷ್ಟು ದುಡ್ಡು. ಒಂದು ಊರಿನಲ್ಲಿ ಫೈನಲ್ ಮುಗಿದ ಮೇಲೆ ಕವರ್ ಕೊಡಬೇಕಾದವರ ಫೋನ್ ಸ್ವಿಚ್ ಆಫ್. ಹಾರ, ಶಾಲು, ಶಾಸಕರ ಭಾಷಣ ಎಲ್ಲ ಆಗಿತ್ತು. ಅದಾದ ಮೇಲೆ ಬಸ್ ಚಾರ್ಜನ್ನಾದರೂ ಮುಂಚೆಯೇ ತೆಗೆದುಕೊಳ್ಳುತ್ತೇನೆ. ಗೆಸ್ಟ್ ಆಗಿ ಹೋದರೆ ಇನ್ನೊಂದು ಲಾಭ ಇದೆ. ಒಂದು ಸಂಜೆಯಲ್ಲಿ ಗೊತ್ತಿಲ್ಲದ ನಾಲ್ವರನ್ನು ಆಡಿಸಬೇಕು. ಅದಕ್ಕಿಂತ ಒಳ್ಳೆಯ ಅಭ್ಯಾಸ ಗಾರ್ಡ್‌ಗೆ ಇಲ್ಲ.

ಮನೆಯಲ್ಲಿ ಮಾತ್ರ ಒಂದೇ ಪ್ರಶ್ನೆ: ಕೆಲಸ ಯಾವಾಗ? ಚಿಕ್ಕಪ್ಪ ನರಸಾಪುರದ ಕಾರ್ಖಾನೆಯೊಂದರಲ್ಲಿ ಹೇಳಿ ಇಟ್ಟಿದ್ದರು. ಹಿಂದೆ ಬೆಂಗಳೂರಿನ ಆಟಗಾರರಿಗೆ ವಿಜಯಾ ಬ್ಯಾಂಕಿನ ತಂಡ ಅಂತ ಒಂದಿತ್ತು. ಆ ಬ್ಯಾಂಕು 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾಯಿತು. ಈಗ ನಮ್ಮಂಥವರು ಕಣ್ಣಿಡುವುದು ರೈಲ್ವೆಯ ಕ್ರೀಡಾ ಕೋಟಾ ಮೇಲೆ. ವಯಸ್ಸು 18ರಿಂದ 25ರೊಳಗೆ ಇರಬೇಕು. ಒಟ್ಟು ನೂರು ಅಂಕ. ಅದರಲ್ಲಿ ಸಾಧನೆಗೆ 50, ಟ್ರಯಲ್ಸಿಗೆ 40, ಓದಿಗೆ 10. ಟ್ರಯಲ್ಸಿನ ನಲವತ್ತರಲ್ಲಿ 25 ಬರದಿದ್ದರೆ ಉಳಿದದ್ದನ್ನು ನೋಡುವುದೇ ಇಲ್ಲ. ಹಾಗಾಗಿ ಸರ್ಟಿಫಿಕೇಟುಗಳನ್ನು ಜೋಪಾನ ಮಾಡಿ. ಜೂನಿಯರ್ ನ್ಯಾಷನಲ್ ಆಡಿದ ಕಾಗದ ಕಳೆದುಕೊಂಡು ಅಲೆಯುವವರನ್ನು ನೋಡಿದ್ದೇನೆ.

ಟ್ರಯಲ್ಸಿಗೆ ಹೋದಾಗ ಅದೇ ಹಳೇ ಆಟ. ಎಲ್ಲರೂ ದೂರದಿಂದ ಹೊಡೆಯುವವರೇ. ನಾನು ವಾರ್ಮ್ ಅಪ್ ಮಾಡುವಾಗಲೇ ನನ್ನ ಗುಂಪಿನ ನಾಲ್ವರ ಹೆಸರು ಕೇಳಿಕೊಂಡೆ. ಯಾವ ಕೈ, ಎಲ್ಲಿಂದ ಹೊಡೆಯೋದು ಇಷ್ಟ, ಸ್ಕ್ರೀನ್ ಇಡುತ್ತೀಯಾ ಅಂತ ಕೇಳಿದೆ. ಅವರಲ್ಲಿ ಒಬ್ಬ ಬಿಹಾರದವನು, ನನ್ನ ಹಿಂದಿ ಕೇಳಿ ನಕ್ಕ. ನಗಲಿ. ಆಟ ಶುರುವಾದ ಮೇಲೆ ಹೆಸರು ಕೂಗಿದ ಕಡೆಗೆಲ್ಲ ಬಂದ. ನಾನು ಹೊಡೆದ ಶಾಟ್‌ಗಳು ಕಡಿಮೆ. ಪಕ್ಕದಲ್ಲಿ ಕೂತು ಅಂಕ ಹಾಕುತ್ತಿದ್ದವರಲ್ಲಿ ಒಬ್ಬರು ನನ್ನ ನಂಬರ್ ನೋಡಲು ಎದ್ದು ಬಂದರು.

ಪಟ್ಟಿಯಲ್ಲಿ ಹೆಸರು ಬಂದಿದೆ. ದಾಖಲೆ ಪರಿಶೀಲನೆ ಮುಗಿದಿದೆ, ಮೆಡಿಕಲ್ ಬಾಕಿ. ಲೀಗಿನ ತಂಡವೂ ಎರಡನೇ ಸೀಸನ್‌ಗೆ ಕರೆದಿದೆ, ಈ ಸಲ ಹಣ ಸ್ವಲ್ಪ ಜಾಸ್ತಿ. ರೈಲ್ವೆಗೆ ಸೇರಿದ ಮೇಲೆ ಹೊರಗಿನ ಲೀಗ್ ಆಡಲು ಅನುಮತಿ ಬೇಕು. ಸಿಕ್ಕರೆ ಎರಡೂ ಆಡುತ್ತೇನೆ, ಸಿಗದಿದ್ದರೆ ರೈಲ್ವೆ. ಚೆನ್ನೈನ ಅಣ್ಣ ಈ ವರ್ಷ ಆಟ ಬಿಟ್ಟು ಕೋಚಿಂಗ್ ಶುರು ಮಾಡಿದ್ದಾರೆ. ಅವರ ಜಾಗಕ್ಕೆ ಬೆಳಗಾವಿಯ ಹತ್ತೊಂಬತ್ತರ ಹುಡುಗನೊಬ್ಬ ಬಂದಿದ್ದಾನೆ, ಆರಡಿ ಎರಡು ಇದ್ದಾನೆ, ಒಳ್ಳೇ ಶೂಟರ್. ನಿನ್ನೆ ಪ್ರಾಕ್ಟೀಸಿನಲ್ಲಿ ನನ್ನನ್ನು 'ಅಣ್ಣಾ, ಇಲ್ಲಿ ಬರ್ರಿ' ಅಂತ ಕರೆದ. ಮಂಡ್ಯದ ಅಣ್ಣ ಬಿದ್ದು ಬಿದ್ದು ನಕ್ಕರು.